ಗಂಟು ಇದೆ, ಆದರೆ ಕ್ಯಾನ್ಸರ್ ಅಲ್ಲ: ಲ್ಯಾಬ್ ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಒಂದು ಪೆಥಾಲಜಿ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಆಪರೇಷನ್ ಮಾಡಿ ತೆಗೆದ ಗಡ್ಡೆ ಡಬ್ಬಿಯಲ್ಲಿ ನಮ್ಮ ಹತ್ತಿರ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ಕೂರಿಸಿ ಡಾಕ್ಟರ ಮೈಕ್ರೋಸ್ಕೋಪಿನ ತನಕ ಮುಟ್ಟಿಸುವುದು ನನ್ನ ಕೆಲಸ. ಕೌಂಟರಿನ ಹುಡುಗ ಊಟಕ್ಕೆ ಎದ್ದರೆ ರಿಪೋರ್ಟ್ ಕೊಡುವುದೂ ನಾನೇ.

ಲಕೋಟೆ ಕೈಗೆ ಸಿಕ್ಕ ಕೂಡಲೇ ಯಾರೂ ಹೊರಡುವುದಿಲ್ಲ. ಅಲ್ಲೇ ಹರಿಯುತ್ತಾರೆ. ಇಂಗ್ಲಿಷಿನ ಎರಡು ಪುಟ ತಿರುವಿ ಹಾಕುತ್ತಾರೆ. ಆಮೇಲೆ ನನ್ನ ಮುಖ ನೋಡುತ್ತಾರೆ. "ಇದ್ರಾಗ ಏನ್ ಬಂದದರಿ ಅಕ್ಕಾರ?"

"ಡಾಕ್ಟರಿಗೆ ತೋರಿಸ್ರಿ" ಅನ್ನಬೇಕು ಎಂದು ನಮಗೆ ಹೇಳಿಕೊಟ್ಟಿದ್ದಾರೆ. ಸರಿಯಾದ ಮಾತೇ. ಆದರೆ ಸೇಡಂನಿಂದ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದವರಿಗೆ, ಡಾಕ್ಟರು ಇನ್ನು ನಾಡಿದ್ದೇ ಸಿಗುವುದು ಎಂದು ಗೊತ್ತಿದ್ದವರಿಗೆ, ಅಷ್ಟೇ ಹೇಳಿ ಕಳಿಸಲು ಮನಸ್ಸು ಬರುವುದಿಲ್ಲ. ಅದಕ್ಕೇ ಇದನ್ನು ಬರೆದೆ. ಇದು ಸಾಮಾನ್ಯ ತಿಳಿವಳಿಕೆಗೆ ಮಾತ್ರ. ನಿಮ್ಮ ರಿಪೋರ್ಟನ್ನು ನಿಮ್ಮ ಗಂಟನ್ನು ಕೈಯಿಂದ ಮುಟ್ಟಿ ನೋಡಿದ ಡಾಕ್ಟರೇ ಓದಬೇಕು.

ರಿಪೋರ್ಟಿನಲ್ಲಿ 'ಬಿನೈನ್' ಅಂತ ಇದೆ. ಹಾಗಂದರೆ ಏನು?

ಕ್ಯಾನ್ಸರ್ ಅಲ್ಲದ ಗಡ್ಡೆ ಎಂದರ್ಥ. ಮೊದಲು ಕೂತು ಒಂದು ಲೋಟ ನೀರು ಕುಡಿಯಿರಿ, ಆಮೇಲೆ ಮುಂದಿನದು.

ಮೈಯಲ್ಲಿ ಹಳೆ ಜೀವಕೋಶಗಳು ಸಾಯುತ್ತಿರುತ್ತವೆ, ಹೊಸವು ಹುಟ್ಟುತ್ತಿರುತ್ತವೆ. ಎಲ್ಲೋ ಒಂದು ಕಡೆ ಲೆಕ್ಕ ತಪ್ಪಿ ಹೊಸವು ಜಾಸ್ತಿ ಹುಟ್ಟಿದರೆ ಅಲ್ಲಿ ಗಂಟು ಕಟ್ಟುತ್ತದೆ. ಆ ಗಂಟು ಮುಂದೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದೇ ಮುಖ್ಯ.

ಹೊಲದ ಲೆಕ್ಕದಲ್ಲಿ ಹೇಳುತ್ತೇನೆ, ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಪಕ್ಕದ ಹೊಲದವನು ತೊಗರಿ ಎಷ್ಟೇ ದಟ್ಟ ಬೆಳೆದುಕೊಳ್ಳಲಿ, ಒಡ್ಡು ದಾಟದಿದ್ದರೆ ತಕರಾರಿಲ್ಲ. ಅವನ ಗಿಡ ನಿಮ್ಮ ಸಾಲಿನ ಮೇಲೆ ಬಾಗಬಹುದು, ನೆರಳು ಬೀಳಬಹುದು. ಸಾದಾ ಗಡ್ಡೆ ಅಂಥದ್ದು. ಬಹಳಷ್ಟು ಸಾದಾ ಗಡ್ಡೆಗಳಿಗೆ ಸುತ್ತ ಒಂದು ಪೊರೆ ಇರುತ್ತದೆ. ಅವು ನಿಧಾನ ಬೆಳೆಯುತ್ತವೆ, ಪಕ್ಕದ ಮಾಂಸವನ್ನು ಒತ್ತುತ್ತವೆ, ಒಳಗೆ ನುಗ್ಗುವುದಿಲ್ಲ. ಕ್ಯಾನ್ಸರ್ ಒಡ್ಡು ಒಡೆದು ನಿಮ್ಮ ಹೊಲಕ್ಕೇ ಬರುತ್ತದೆ. ಸಾಲದ್ದಕ್ಕೆ ಹಳ್ಳದ ನೀರಿನ ಜೊತೆ ಅದರ ಬೀಜ ಹರಿದು ಇನ್ನೊಂದು ಊರಿನ ಹೊಲದಲ್ಲೂ ಮೊಳೆಯುತ್ತದೆ. ಮೈಯಲ್ಲಿ ಆ ಹಳ್ಳ ಎಂದರೆ ರಕ್ತನಾಳ, ಇಲ್ಲವೇ ಲಿಂಫ್ ನಾಳ.

ನಮ್ಮ ಲ್ಯಾಬಿನ ಅರ್ಧ ಕೆಲಸ ಈ ಒಡ್ಡು ನೋಡುವುದೇ. ಥೈರಾಯ್ಡಿನಲ್ಲಿ ಫಾಲಿಕ್ಯುಲರ್ ಅನ್ನುವ ಒಂದು ಬಗೆಯ ಗಡ್ಡೆ ಇದೆ. ಅದರ ಕೋಶಗಳನ್ನು ಸೂಜಿಯಿಂದ ತೆಗೆದು ನೋಡಿದರೆ ಸಾದಾ ಗಡ್ಡೆಯಲ್ಲೂ ಕ್ಯಾನ್ಸರಿನಲ್ಲೂ ಒಂದೇ ಥರ ಕಾಣುತ್ತವೆ. ಇಡೀ ಗಡ್ಡೆ ತೆಗೆದು ಪೊರೆಯನ್ನು ಸುತ್ತಲೂ ಪರೀಕ್ಷೆ ಮಾಡಬೇಕು. ಪೊರೆಯನ್ನೋ ರಕ್ತನಾಳವನ್ನೋ ಕೋಶಗಳು ಒಡೆದು ದಾಟಿದ್ದರೆ ಕ್ಯಾನ್ಸರ್, ಎಲ್ಲೂ ದಾಟದಿದ್ದರೆ ಅಲ್ಲ. "ಸೂಜಿ ಟೆಸ್ಟ್ ಆಯಿತಲ್ಲ, ಮತ್ಯಾಕೆ ಆಪರೇಷನ್" ಎಂದು ಥೈರಾಯ್ಡಿನವರು ಕೇಳಿದರೆ ಬಹಳ ಸಲ ಕಾರಣ ಇದೇ ಆಗಿರುತ್ತದೆ.

ಗಡ್ಡೆ ಅಂದ ಮೇಲೆ ಕ್ಯಾನ್ಸರೇ ಅಲ್ವಾ?

ಅಲ್ಲ. ನಮ್ಮ ಟೇಬಲ್ಲಿಗೆ ಬರುವುದರಲ್ಲಿ ಸಾದಾ ಗಂಟುಗಳೇ ಜಾಸ್ತಿ. ಗಂಟು, ಗಡ್ಡೆ, ಬಾವು, ಗುಳ್ಳೆ ಎಂದು ನಾವು ಏನೇನೋ ಹೆಸರು ಹೇಳುತ್ತೇವೆ. ಉರ್ದು ಮಾತಾಡುವವರು ರಸೌಲಿ ಎನ್ನುತ್ತಾರೆ. ಯಾವ ಹೆಸರಿನಲ್ಲೂ ಕ್ಯಾನ್ಸರ್ ಅನ್ನುವ ಅರ್ಥ ಅಡಗಿಲ್ಲ. 'ಟ್ಯೂಮರ್' ಅನ್ನುವ ಪದದಲ್ಲೂ ಇಲ್ಲ.

ಮೂರು ಗಂಟು ನಮಗೆ ಮನೆಯವರ ಹಾಗೆ ಪರಿಚಯ. ಮೊದಲನೆಯದು ಲೈಪೋಮಾ, ಅಂದರೆ ಕೊಬ್ಬಿನ ಗಂಟು. ಬೇರೆ ಗಂಟುಗಳು ಡಬ್ಬಿಯ ತಳ ಸೇರಿರುತ್ತವೆ, ಇದು ಮಾತ್ರ ತೇಲುತ್ತಿರುತ್ತದೆ. ಕೊಯ್ದರೆ ಒಳಗೆಲ್ಲ ಹಳದಿ, ಗಟ್ಟಿ ಬೆಣ್ಣೆಯ ಹಾಗೆ. ಚಾಕು ಜಿಡ್ಡಾಗುತ್ತದೆ. ಎರಡನೆಯದು ನೆತ್ತಿ, ಬೆನ್ನು, ಕಿವಿಯ ಹಿಂದೆ ಆಗುವ ಚೀಲದಂಥ ಗಂಟು, ಸಿಸ್ಟ್. ಒಳಗೆ ಬಿಳೀ ಮುದ್ದೆ. ಅದರ ವಾಸನೆ ಕೈಗವಸು ತೆಗೆದ ಮೇಲೂ ಮೂಗಿನಲ್ಲಿ ಉಳಿಯುತ್ತದೆ, ಆ ದಿನ ಡಬ್ಬಿಯ ರೊಟ್ಟಿ ಹಾಗೇ ಮನೆಗೆ ವಾಪಸ್ ಹೋಗುತ್ತದೆ. ಮೂರನೆಯದು ಗರ್ಭಕೋಶದ ಫೈಬ್ರಾಯ್ಡ್. ಗಟ್ಟಿ, ಬಿಳುಪು. ಅಡ್ಡ ಕೊಯ್ದರೆ ನೂಲಿನ ಉಂಡೆಯನ್ನು ಸೀಳಿದ ಹಾಗೆ ಸುರುಳಿ ಸುರುಳಿ ಕಾಣುತ್ತದೆ. ಮೂರೂ ಕ್ಯಾನ್ಸರ್ ಅಲ್ಲ.

ಹೆಸರಿನ ಕೊನೆಗೆ 'ಓಮಾ' ಅಂತ ಇದೆ. ಅದು ಕೆಟ್ಟದ್ದು ಅಂತಾರಲ್ಲ?

'ಓಮಾ' ಅಂದರೆ ಗಡ್ಡೆ, ಅಷ್ಟೇ. ಲೈಪೋಮಾ, ಅಡಿನೋಮಾ, ಫೈಬ್ರೋಮಾ ಸಾದಾ ಗಡ್ಡೆಗಳು. ಕಾರ್ಸಿನೋಮಾ, ಸಾರ್ಕೋಮಾ ಎಂದಿದ್ದರೆ ಕ್ಯಾನ್ಸರ್. ಆದರೆ ಲಿಂಫೋಮಾ, ಮೆಲನೋಮಾ ಕೇಳಲು ಸಾದಾ ಅನ್ನಿಸಿದರೂ ಕ್ಯಾನ್ಸರುಗಳೇ. ಆದ್ದರಿಂದ ಹೆಸರಿನ ಬಾಲ ಹಿಡಿದು ಅರ್ಥ ಮಾಡಲು ಹೋಗಬೇಡಿ.

ಸೂಜಿ ಚುಚ್ಚಿದರೆ, ಕತ್ತಿ ತಾಗಿದರೆ ಸಾದಾ ಗಂಟು ಕ್ಯಾನ್ಸರ್ ಆಗುತ್ತಂತೆ. ನಿಜವಾ?

ಸುಳ್ಳು. ಈ ಒಂದು ಮಾತಿನಿಂದ ನಮ್ಮ ಭಾಗದಲ್ಲಿ ಆದ ನುಕಸಾನು ಅಷ್ಟಿಷ್ಟಲ್ಲ. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಸೂಜಿ ಟೆಸ್ಟ್ ಅಂದರೆ ಎಫ್‌ಎನ್‌ಎಸಿ. ರಕ್ತ ತೆಗೆಯುವಷ್ಟೇ ಸಣ್ಣ ಸೂಜಿ. ಗಂಟಿನೊಳಗೆ ಹಾಕಿ ನಾಲ್ಕಾರು ಸಲ ಹಿಂದೆ ಮುಂದೆ ಆಡಿಸಿ, ಬಂದ ಒಂದು ಹನಿಯನ್ನು ಗಾಜಿನ ಮೇಲೆ ಸವರುತ್ತಾರೆ. ಎರಡು ನಿಮಿಷದ ಕೆಲಸ. ಸಾದಾ ಕೋಶಕ್ಕೆ ಸೂಜಿ ತಾಗಿತು ಎಂದು ಅದು ಸ್ವಭಾವ ಬದಲಿಸುವುದಿಲ್ಲ. ಕೋಶದ ಒಳಗಿನ ಬರಹದಲ್ಲಿ ದೋಷಗಳು ಒಂದರ ಮೇಲೊಂದು ಸೇರಿ ಕ್ಯಾನ್ಸರ್ ಆಗುತ್ತದೆ. ಸೂಜಿಗೆ ಆ ಬರಹ ತಿದ್ದುವ ಶಕ್ತಿ ಇಲ್ಲ. ಇನ್ನು, ಕ್ಯಾನ್ಸರ್ ಇದ್ದೇ ಇದ್ದ ಗಂಟಿಗೆ ಸೂಜಿ ಹಾಕಿದರೆ ಹರಡುತ್ತದೆಯೇ? ಅದು ಬಹಳ ಅಪರೂಪ. ವೃಷಣದ ಗಡ್ಡೆಯಂಥ ಕೆಲವೇ ಕಡೆ ಡಾಕ್ಟರು ಸೂಜಿ ಹಾಕುವುದನ್ನೇ ಬಿಟ್ಟು ಬೇರೆ ದಾರಿ ಹಿಡಿಯುತ್ತಾರೆ. ಆ ಯೋಚನೆ ಅವರಿಗೆ ಇರುತ್ತದೆ.

ಹಾಗಾದರೆ ಈ ಮಾತು ಹುಟ್ಟಿದ್ದು ಹೇಗೆ? ನನಗೆ ಅನ್ನಿಸುವುದು ಇದು. ಗಂಟು ಕಡಲೆ ಕಾಳಿನಷ್ಟಿದ್ದಾಗ ಯಾರೂ ತೋರಿಸುವುದಿಲ್ಲ. ನೋವಿಲ್ಲ ಅಲ್ವಾ, ಇರಲಿ ಬಿಡು ಎನ್ನುತ್ತಾರೆ. ಲಿಂಬೆಹಣ್ಣಿನಷ್ಟಾದಾಗ ಸುಣ್ಣ ಬೆಲ್ಲ ಹಚ್ಚುತ್ತಾರೆ, ಯಾರೋ ಹೇಳಿದ ಬಳ್ಳಿ ಅರೆದು ಕಟ್ಟುತ್ತಾರೆ, ಕೆಲವರು ಬರೆ ಹಾಕಿಸುತ್ತಾರೆ. ಚರ್ಮ ಒಡೆದು ಹುಣ್ಣಾದ ಮೇಲೆ ದವಾಖಾನೆಗೆ ಬರುತ್ತಾರೆ. ಆಗ ಸೂಜಿ ಟೆಸ್ಟ್, ಆಪರೇಷನ್. ಆರು ತಿಂಗಳಿಗೆ ಆ ಜೀವ ಹೋಗುತ್ತದೆ. ಊರಿನ ನೆನಪಿನಲ್ಲಿ ಉಳಿಯುವುದು ಒಂದೇ: "ಚಂದಾಗಿ ಇದ್ರು, ಸೂಜಿ ಚುಚ್ಚಿಸಿಕೊಂಡ ಮ್ಯಾಲೇ ಹೋದ್ರು." ಸೂಜಿಗೆ ಎರಡು ವರ್ಷ ಮೊದಲೇ ಅದು ಒಡ್ಡು ದಾಟಿತ್ತು ಎನ್ನುವುದು ಯಾರಿಗೂ ಕಂಡಿರುವುದಿಲ್ಲ.

ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು ಎದೆಯ ಗಂಟಿಗೆ ಸೂಜಿ ಬೇಡವೆಂದು ಎರಡು ಸಲ ಬಾಗಿಲ ತನಕ ಬಂದು ವಾಪಸ್ ಹೋದಳು. ಮೂರನೇ ಸಲ ಅವಳ ಅತ್ತೆ ಕೈಹಿಡಿದು ಕೂರಿಸಿಕೊಂಡಳು. ರಿಪೋರ್ಟ್ ಸಾದಾ ಬಂತು. ಆ ಎಂಟು ತಿಂಗಳು ಅವಳು ನಿದ್ದೆ ಮಾಡಿರಲಿಲ್ಲವಂತೆ.

ಸ್ಕ್ಯಾನ್ ನೋಡಿಯೇ "ಕ್ಯಾನ್ಸರ್ ಅಲ್ಲ" ಅಂದರು. ಅಷ್ಟು ಸಾಕಾ?

ಕೆಲವಕ್ಕೆ ಸಾಕು. ಅಂಡಾಶಯದ ಸಾದಾ ನೀರುಗುಳ್ಳೆ, ಫೈಬ್ರಾಯ್ಡ್, ಲಿವರ್‌ನಲ್ಲಿ ಕಾಣುವ ರಕ್ತನಾಳದ ಗಂಟು ಇವು ಸ್ಕ್ಯಾನಿನಲ್ಲೇ ಗುರುತು ಸಿಗುತ್ತವೆ. ಎದೆಯ ಸ್ಕ್ಯಾನಿನಲ್ಲಿ 'ಬೈರಾಡ್ಸ್' ಎಂದು ಒಂದು ಅಂಕೆ ಬರೆದಿರುತ್ತಾರೆ. 2 ಇದ್ದರೆ ಸಾದಾ ಗಂಟು. 3 ಇದ್ದರೆ ಸಾದಾ ಇರುವ ಸಾಧ್ಯತೆಯೇ ಬಹಳ, ಸಾಮಾನ್ಯವಾಗಿ 6 ತಿಂಗಳಿಗೆ ಮತ್ತೊಮ್ಮೆ ನೋಡುತ್ತಾರೆ. 4, 5 ಇದ್ದರೆ ತುಣುಕು ತೆಗೆದು ಪರೀಕ್ಷೆ ಮಾಡಲೇಬೇಕು. ಎದೆಯ ಗಂಟಿನಲ್ಲಿ ಕೈ, ಸ್ಕ್ಯಾನ್, ಸೂಜಿ ಮೂರೂ ಒಂದೇ ಮಾತು ಹೇಳಿದರೆ ನೆಮ್ಮದಿ. ಒಂದು ಬೇರೆ ಹೇಳಿದರೂ ಡಾಕ್ಟರು ಮುಂದಿನ ಟೆಸ್ಟ್ ಬರೆಯುತ್ತಾರೆ. ಆಗ "ದುಡ್ಡಿಗೆ ಬರೆದರು" ಎಂದು ಬೇಜಾರಾಗಬೇಡಿ.

ರಿಪೋರ್ಟಿನಲ್ಲಿ 'ಇನ್‌ಅಡಿಕ್ವೇಟ್' ಎಂದಿದೆ. ಕ್ಯಾನ್ಸರ್ ಇಲ್ಲ ಅಂತ ತಾನೇ?

ಅಲ್ಲ! ಇದನ್ನು ತಪ್ಪು ಓದಿಕೊಂಡು ಮನೆಗೆ ಹೋಗಿ ಕೂತವರು ಬಹಳ ಜನ. 'ಇನ್‌ಅಡಿಕ್ವೇಟ್' ಅಂದರೆ ಬಂದ ಮಾದರಿ ನೋಡಲು ಸಾಲಲಿಲ್ಲ, ಇನ್ನೊಮ್ಮೆ ತೆಗೆಯಬೇಕು ಎಂದು. ಟೆಸ್ಟ್ ಆಗೇ ಇಲ್ಲ ಅಂತಲೇ ತಿಳಿಯಿರಿ. 'ನೆಗೆಟಿವ್ ಫಾರ್ ಮ್ಯಾಲಿಗ್ನೆನ್ಸಿ' ಎಂದಿದ್ದರೆ ನೋಡಿದ ಮಾದರಿಯಲ್ಲಿ ಕ್ಯಾನ್ಸರ್ ಕೋಶ ಸಿಗಲಿಲ್ಲ ಎಂದು. 'ಎಟಿಪಿಯಾ', 'ಡಿಸ್ಪ್ಲೇಸಿಯಾ' ಎಂಬ ಪದ ಕಂಡರೆ ಕೋಶಗಳು ಪೂರ್ತಿ ಸರಿ ಇಲ್ಲ, ಕ್ಯಾನ್ಸರ್ ಎಂದೂ ಹೇಳುವಂತಿಲ್ಲ ಎಂದು. ಈ ಎರಡರಲ್ಲಿ ಒಂದು ಪದ ಇದ್ದರೂ ರಿಪೋರ್ಟ್ ಹಿಡಿದು ಆ ವಾರವೇ ಡಾಕ್ಟರ ಹತ್ತಿರ ಹೋಗಿ.

ರಿಪೋರ್ಟ್ ಬರಲು ಅಷ್ಟು ದಿನ ಯಾಕೆ? ರಕ್ತದ ರಿಪೋರ್ಟ್ ಸಂಜೆಗೇ ಬರುತ್ತಲ್ಲ?

"ನೀವು ಸುಮ್ನೆ ಓಡಾಡಿಸ್ತೀರಿ" ಎಂದು ಬೈಸಿಕೊಳ್ಳುವುದು ನಾನೇ ಆದ್ದರಿಂದ ಕೇಳಿ. ಗಡ್ಡೆ ಮೊದಲ ರಾತ್ರಿ ಮಾಂಸ ಕೊಳೆಯದಂತೆ ಕಾಯುವ ದ್ರವವಾದ ಫಾರ್ಮಲಿನ್‌ನಲ್ಲಿ ನೆನೆಯಬೇಕು, ಇಲ್ಲವಾದರೆ ಒಳಗೆ ಗಟ್ಟಿಯಾಗುವುದಿಲ್ಲ. ಮರುದಿನ ಡಾಕ್ಟರು ಅದನ್ನು ಅಳೆದು, ಕೊಯ್ದು, ನೋಡಬೇಕಾದ ತುಣುಕುಗಳನ್ನು ಆರಿಸುತ್ತಾರೆ. ಆ ತುಣುಕುಗಳು ಎರಡನೇ ರಾತ್ರಿ ಸ್ಪಿರಿಟ್, ಕ್ಸೈಲಿನ್, ಕರಗಿದ ಮೇಣ ಎಂದು ಒಂದೊಂದರಲ್ಲಿ ಮುಳುಗಿ ಏಳುತ್ತವೆ. ನೀರೆಲ್ಲ ಹೋಗಿ ಆ ಜಾಗಕ್ಕೆ ಮೇಣ ಕೂರುತ್ತದೆ.

ಮೂರನೇ ಬೆಳಿಗ್ಗೆ ನನ್ನ ಸರದಿ. ಮೈಕ್ರೋಟೋಮ್ ಅನ್ನುವ ಯಂತ್ರದ ಹಿಡಿಕೆ ತಿರುಗಿಸಿದರೆ ಮೇಣದ ಬಿಲ್ಲೆ ಬ್ಲೇಡಿಗೆ ತಾಗಿ ರಿಬ್ಬನ್ನಿನ ಹಾಗೆ ಪದರ ಬರುತ್ತದೆ. ದಪ್ಪ 3ರಿಂದ 5 ಮೈಕ್ರಾನ್. ತಲೆಗೂದಲಿನ ಹತ್ತರಲ್ಲಿ ಒಂದು ಪಾಲೂ ಇಲ್ಲ. ಜೋರಾಗಿ ಉಸಿರು ಬಿಟ್ಟರೆ ಹಾರುತ್ತದೆ. ಅದಕ್ಕೇ ಆ ಹೊತ್ತಿನಲ್ಲಿ ಫ್ಯಾನ್ ಬಂದ್. ಏಪ್ರಿಲ್ ಮೇ ತಿಂಗಳ ಕಲಬುರಗಿಯಲ್ಲಿ ಫ್ಯಾನ್ ಬಂದ್ ಮಾಡಿ ಕೂರುವುದು ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬಿಲ್ಲೆ ಮೆತ್ತಗಾದರೆ ಐಸ್ ಮೇಲೆ ಇಟ್ಟು ಮತ್ತೆ ಕೊಯ್ಯುತ್ತೇನೆ. ಆ ಪದರವನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಗಾಜಿನ ಪಟ್ಟಿಯನ್ನು ಅಡಿಯಿಂದ ತೂರಿಸಿ ಎತ್ತಿ, ಬಣ್ಣ ಹಾಕಿದರೆ ಕೋಶದ ನಡುವಿನ ಬೀಜ ನೀಲಿ, ಉಳಿದದ್ದು ಗುಲಾಬಿ. ಆಮೇಲೆ ಡಾಕ್ಟರು ನೋಡುತ್ತಾರೆ. ಅನುಮಾನ ಬಂದರೆ ಇನ್ನಷ್ಟು ಪದರ ಕೇಳುತ್ತಾರೆ, ಬೇರೆ ಬಣ್ಣ ಕೇಳುತ್ತಾರೆ. ಎಲುಬಿನ ತುಂಡಾದರೆ ಅದರ ಸುಣ್ಣ ಕರಗಿಸುವುದಕ್ಕೇ ದಿನಗಟ್ಟಲೆ ಬೇಕು.

ತಡವಾಯಿತು ಎಂದರೆ ಕೆಟ್ಟ ಸುದ್ದಿ ಎಂದಲ್ಲ. ಹಾಗೆ ಅಂದುಕೊಂಡು ಕೌಂಟರಿನಲ್ಲೇ ಅತ್ತವರನ್ನು ನೋಡಿದ್ದೇನೆ. ಅವರ ರಿಪೋರ್ಟ್ ತಡವಾದದ್ದು ಆ ದಿನ ಕರೆಂಟ್ ಹೋಗಿದ್ದಕ್ಕೆ.

ತೆಗೆದ ಗಡ್ಡೆಯನ್ನು ನಾವೇ ಲ್ಯಾಬಿಗೆ ತರಬೇಕಂತೆ. ಯಾವುದರಲ್ಲಿ ತರೋದು?

ಫಾರ್ಮಲಿನ್‌ನಲ್ಲಿ ಮಾತ್ರ. ನೀರು, ಸಲೈನ್, ಸ್ಪಿರಿಟ್, ಬರೀ ಪ್ಲಾಸ್ಟಿಕ್ ಚೀಲ ಇವು ಯಾವುವೂ ಬೇಡ. ಗಡ್ಡೆ ಮುಳುಗಿ ಮೇಲೆ ಸಾಕಷ್ಟು ದ್ರವ ಇರಬೇಕು. ಗಡ್ಡೆಯ ಹತ್ತು ಪಟ್ಟು ಇದ್ದರೆ ಒಳ್ಳೆಯದು. ಅಗಲ ಬಾಯಿಯ ಡಬ್ಬಿ ಇರಲಿ. ಸಣ್ಣ ಬಾಯಿಯ ಬಾಟಲಿಗೆ ಒತ್ತಿ ತುರುಕಿದ ಗಡ್ಡೆ ಒಳಗೇ ಗಟ್ಟಿಯಾಗುತ್ತದೆ, ತೆಗೆಯಲು ನಾವು ಬಾಟಲಿ ಒಡೆಯಬೇಕಾಗುತ್ತದೆ. ಡಬ್ಬಿಯ ಮೇಲೆ ಹೆಸರು, ವಯಸ್ಸು, ಯಾವ ಜಾಗದ ಗಡ್ಡೆ ಎಂದು ಬರೆದಿದೆಯೇ ನೋಡಿಕೊಳ್ಳಿ. ಮುಚ್ಚಳದ ಮೇಲೆ ಬರೆದರೆ ಸಾಲದು, ಮುಚ್ಚಳ ಅದಲುಬದಲು ಆಗುತ್ತದೆ.

ಒಂದು ಮೇ ತಿಂಗಳಲ್ಲಿ ಒಬ್ಬ ಕಾಕಾ ತಮ್ಮ ಹೆಂಡತಿಯ ಎದೆಯ ಗಂಟನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ನೀರು ಹಾಕಿ ತಂದಿದ್ದರು. ಆಪರೇಷನ್ ಆದ ಕಡೆ ಹಾಗೆಯೇ ಕೊಟ್ಟು ಕಳಿಸಿದ್ದರಂತೆ. ಬಸ್ಸಿನಲ್ಲಿ ಒಂದು ಹಗಲು, ಮನೆಯಲ್ಲಿ ಒಂದು ರಾತ್ರಿ. ಮುಚ್ಚಳ ತೆಗೆದಾಗಲೇ ನಮಗೆ ಗೊತ್ತಾಯಿತು. ಕೊಳೆತ ಮಾಂಸದಲ್ಲಿ ಕೋಶ ಗುರುತು ಸಿಗುವುದಿಲ್ಲ. ಸಾದಾ ಗಂಟೋ ಅಲ್ಲವೋ, ಆ ಹೆಂಗಸಿಗೆ ಉತ್ತರ ಸಿಗಲೇ ಇಲ್ಲ. ಗಂಟು ಒಂದೇ ಸಲ ತೆಗೆಯುವುದು, ಎರಡನೇ ಅವಕಾಶ ಇರುವುದಿಲ್ಲ. ಆದ್ದರಿಂದ ಆಪರೇಷನ್ನಿಗೆ ಮೊದಲೇ ಕೇಳಿ: "ತೆಗೆದಿದ್ದನ್ನ ಟೆಸ್ಟಿಗೆ ಕಳಿಸ್ತೀರಲ್ರಿ? ಫಾರ್ಮಲಿನ್ ಅದ ಅಲ್ರಿ?" ಈ ಪ್ರಶ್ನೆಗೆ ಯಾರೂ ಸಿಟ್ಟಾಗಬಾರದು. ಆದರೂ ಕೇಳಿ.

ಕ್ಯಾನ್ಸರ್ ಅಲ್ಲ ಅಂದ ಮೇಲೂ ಆಪರೇಷನ್ ಯಾಕೆ?

ಬಹಳ ಸಲ ಬೇಕಾಗುವುದಿಲ್ಲ. ನನ್ನ ಸೋದರಮಾವನ ಹೆಗಲ ಮೇಲೆ 20 ವರ್ಷದಿಂದ ಒಂದು ಲೈಪೋಮಾ ಇದೆ. ಅಂಗಿ ಹೊಲಿಸುವಾಗ ದರ್ಜಿಗೆ ಮಾತ್ರ ಅದರ ಚಿಂತೆ.

ಕ್ಯಾನ್ಸರ್ ಅಲ್ಲದಿದ್ದರೂ ಅದು ಕೂತ ಜಾಗ ಕೆಟ್ಟದ್ದಿರಬಹುದು. ಮಿದುಳಿನ ಪೊರೆಯಲ್ಲಿ ಆಗುವ ಮೆನಿಂಜಿಯೋಮಾ ಬಹುಪಾಲು ಸಾದಾ ಗಡ್ಡೆಯೇ. ಆದರೆ ತಲೆಬುರುಡೆ ಹಿಗ್ಗುವುದಿಲ್ಲವಲ್ಲ. ಗಡ್ಡೆ ಬೆಳೆದಷ್ಟೂ ಮಿದುಳು ಒತ್ತಿಕೊಳ್ಳುತ್ತದೆ. ತಲೆನೋವು, ಫಿಟ್ಸ್, ಕೈಕಾಲು ಸೋಲುವುದು ಶುರುವಾಗುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆ ಕಣ್ಣಿನ ನರ ಒತ್ತಿದರೆ ಎರಡೂ ಬದಿಯ ನೋಟ ಹೋಗುತ್ತದೆ. ಕುತ್ತಿಗೆಯ ಥೈರಾಯ್ಡ್ ಗಡ್ಡೆ ಉಸಿರುನಾಳವನ್ನು ಒತ್ತಬಹುದು. ಕೆಲವು ಗಡ್ಡೆಗಳು ಹಾರ್ಮೋನು ಸುರಿಸಿ ಬಿಪಿ ಏರಿಸುತ್ತವೆ. ಫೈಬ್ರಾಯ್ಡ್ ತಿಂಗಳ ಮುಟ್ಟಿನಲ್ಲಿ ರಕ್ತ ಹರಿಸಿ ಹರಿಸಿ ಮೈ ಬಿಳಿಚುವಂತೆ ಮಾಡುತ್ತದೆ. ಇಲ್ಲೆಲ್ಲ ತೆಗೆಯುವ ಮಾತು ಬರುತ್ತದೆ. ಬೇಗ ಬೇಗ ಬೆಳೆದರೆ, ನೋಯುತ್ತಿದ್ದರೆ, ಪದೇ ಪದೇ ಕೀವಾದರೆ, ಇಲ್ಲವೇ ನೋಡಲು ಸರಿ ಕಾಣದೆ ನಿಮಗೇ ಬೇಡವಾದರೆ ಕೂಡ ತೆಗೆಸಬಹುದು.

ಗರ್ಭಚೀಲದಲ್ಲಿ ಗಡ್ಡೆ ಇದೆಯಂತೆ. "ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ" ಎಂದರು. ತೆಗೆಸಿಬಿಡಲಾ?

ದಯವಿಟ್ಟು ತಡೆಯಿರಿ. ನಮ್ಮ ಜಿಲ್ಲೆಯವರು ಈ ಪ್ರಶ್ನೆಯನ್ನು ಎರಡು ಸಲ ಕೇಳಬೇಕು. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾ, ಹಳ್ಳಿಗಳಲ್ಲಿ ಬೇಡದಿದ್ದರೂ ಗರ್ಭಕೋಶ ತೆಗೆದ ಪ್ರಕರಣಗಳು ಹೊರಬಂದು ದೊಡ್ಡ ಸುದ್ದಿಯಾಯಿತು. ಹೆಚ್ಚಿನವರು ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು. ಹೊಟ್ಟೆನೋವು, ಬಿಳಿಮುಟ್ಟು ಎಂದು ಹೋದವರು ಗರ್ಭಕೋಶ ಕಳೆದುಕೊಂಡು ಬಂದರು. ಅವರನ್ನು ಒಪ್ಪಿಸಿದ್ದು ಕ್ಯಾನ್ಸರ್ ಅನ್ನುವ ಒಂದು ಪದ.

ಫೈಬ್ರಾಯ್ಡ್ ಬಹಳ ಹೆಂಗಸರಿಗೆ ಇರುತ್ತದೆ, ಎಷ್ಟೋ ಜನಕ್ಕೆ ಇರುವುದೇ ಗೊತ್ತಿರುವುದಿಲ್ಲ. ಅದು ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಸಣ್ಣದಾಗುತ್ತದೆ. ತೊಂದರೆ ಕೊಡುತ್ತಿದ್ದರೆ ಮಾತ್ರೆ ಇದೆ, ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನಿನ ಕಾಪರ್-ಟಿ ಥರದ ಸಾಧನ ಇದೆ, ಗರ್ಭಕೋಶ ಉಳಿಸಿ ಗಡ್ಡೆ ಮಾತ್ರ ತೆಗೆಯುವ ಆಪರೇಷನ್ ಇದೆ. ಇವು ಯಾವುವೂ ಆಗದಾಗ ಗರ್ಭಕೋಶ ತೆಗೆಯುವ ಮಾತು. ಕೆಲವರಿಗೆ ಅದೇ ಸರಿಯಾದ ದಾರಿ, ಅದನ್ನೂ ಅಲ್ಲಗಳೆಯುವುದಿಲ್ಲ. ಆದರೆ 30ರ ಹರೆಯದ ಹೆಂಗಸಿಗೆ ಅಂಡಾಶಯವನ್ನೂ ಸೇರಿಸಿ ತೆಗೆದರೆ ಮುಟ್ಟು ನಿಂತವರ ತೊಂದರೆಯೆಲ್ಲ ಮರುದಿನದಿಂದಲೇ ಶುರು. ಮೈ ಬಿಸಿಯೇರುವುದು, ಎಲುಬು ಸವೆಯುವುದು, ಎಲ್ಲ.

ಎರಡನೇ ಡಾಕ್ಟರ ಮಾತು ಕೇಳಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಎಲ್ಲ ಸರ್ಕಾರಿ ಮೆಡಿಕಲ್ ಕಾಲೇಜುಗಳೇ. ಅಲ್ಲಿನ ಹೆಂಗಸರ ವಿಭಾಗದಲ್ಲಿ ಒಂದು ಸಲ ತೋರಿಸಿ. ಸಾಲು ಉದ್ದ ಇರುತ್ತದೆ, ಅರ್ಧ ದಿನ ಹೋಗುತ್ತದೆ. ಹೋಗಲಿ.

ಒಂದು ಎಚ್ಚರಿಕೆ ಮಾತ್ರ: ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ "ಹಳೇ ಗಡ್ಡೆ ಇರಬೇಕು" ಎಂದು ಕೂರಬೇಡಿ. ಅದನ್ನು ಬೇಗ ತೋರಿಸಬೇಕು.

ಮಗಳಿಗೆ 22 ವರ್ಷ. ಎದೆಯಲ್ಲಿ ಗಂಟು. ಮದುವೆ ಮಾತುಕತೆ ನಡೆದಿದೆ. ಏನು ಮಾಡೋದು?

ತಾಯಂದಿರು ಇದನ್ನು ಪಿಸುದನಿಯಲ್ಲಿ ಕೇಳುತ್ತಾರೆ. ಈ ವಯಸ್ಸಿನಲ್ಲಿ ಬಹುಪಾಲು ಅದು ಫೈಬ್ರೋಅಡಿನೋಮಾ. ಬೆರಳಿಟ್ಟರೆ ಜಾರಿ ಓಡುತ್ತದೆ, ಅದಕ್ಕೇ ಡಾಕ್ಟರುಗಳು ಅದನ್ನು ಎದೆಯ ಇಲಿ ಎಂದು ಕರೆಯುವುದುಂಟು. ಸ್ಕ್ಯಾನ್, ಸೂಜಿ ಆಗಿ ಖಾತ್ರಿಯಾದರೆ ಸಣ್ಣದನ್ನು ಹಾಗೇ ಬಿಡಬಹುದು. ಬೆಳೆಯುತ್ತಿದ್ದರೆ, ದೊಡ್ಡದಿದ್ದರೆ ತೆಗೆಯುತ್ತಾರೆ. ಮದುವೆಗೆ, ಬಸುರಿಗೆ, ಹಾಲೂಡಿಸುವುದಕ್ಕೆ ಅಡ್ಡಿ ಇಲ್ಲ. ಬಸುರಿಯಲ್ಲಿ ಸ್ವಲ್ಪ ದೊಡ್ಡದಾಗಬಹುದು, ಡಾಕ್ಟರಿಗೆ ತಿಳಿಸಿದರಾಯಿತು. ಬೀಗರಿಗೆ ಹೇಳುವುದೋ ಬಿಡುವುದೋ ನಿಮ್ಮ ಮನೆಯ ವಿಚಾರ. ಟೆಸ್ಟ್ ಮಾಡಿಸುವುದನ್ನು ಮಾತ್ರ ಮದುವೆ ಮುಗಿಯಲಿ ಎಂದು ಮುಂದೂಡಬೇಡಿ.

ಕುತ್ತಿಗೆಯ ಗಂಟು ಕ್ಯಾನ್ಸರ್ ಅಲ್ಲವಂತೆ, ಆದರೂ 6 ತಿಂಗಳ ಔಷಧ ಬರೆದಿದ್ದಾರೆ?

ಟಿಬಿ ಗಂಟು ಇರಬೇಕು. ಹಿರಿಯರು ಗಂಡಮಾಲೆ ಎನ್ನುತ್ತಿದ್ದದ್ದು ಇದನ್ನೇ. ಔಷಧ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ. ಎರಡು ತಿಂಗಳಿಗೆ ಗಂಟು ಕರಗಿತೆಂದು ಬಿಡಬೇಡಿ, ಕೋರ್ಸ್ ಮುಗಿಸಿ.

ಈಗ ಸಾದಾ ಇದೆ. ಬಿಟ್ಟರೆ ಮುಂದೆ ಕ್ಯಾನ್ಸರ್ ಆಗುತ್ತಾ?

ಹೆಚ್ಚಿನವು ಆಗುವುದಿಲ್ಲ. ಲೈಪೋಮಾ ಎಷ್ಟು ವರ್ಷ ಬಿಟ್ಟರೂ ಲೈಪೋಮಾನೇ. ಆದರೆ ಕೆಲವಕ್ಕೆ ಆ ದಾರಿ ಇದೆ. ದೊಡ್ಡ ಕರುಳಿನಲ್ಲಿ ಅಡಿನೋಮಾ ಎಂಬ ಪಾಲಿಪ್, ಅಂದರೆ ಒಳಗೋಡೆಯ ಸಣ್ಣ ಗಂಟು ಬೆಳೆದರೆ ಕೆಲವು ನಿಧಾನವಾಗಿ, ಸುಮಾರು 10 ವರ್ಷದಲ್ಲಿ ಕ್ಯಾನ್ಸರ್ ಆಗಬಹುದು. ಅದಕ್ಕೇ ಕೊಲೊನೋಸ್ಕೋಪಿಯಲ್ಲಿ, ಅಂದರೆ ಕರುಳಿನೊಳಗೆ ಕ್ಯಾಮೆರಾ ಕೊಳವೆ ಹಾಕಿ ನೋಡುವಾಗ, ಕಂಡ ಕೂಡಲೇ ತೆಗೆದುಬಿಡುತ್ತಾರೆ.

ನಮ್ಮ ಭಾಗದಲ್ಲಿ ನನಗೆ ಜಾಸ್ತಿ ಹೆದರಿಕೆ ಇರುವುದು ಬಾಯಿಯ ಬಗ್ಗೆ. ಗುಟ್ಕಾ, ತಂಬಾಕು ಸುಣ್ಣ ಇಟ್ಟುಕೊಳ್ಳುವ ಜಾಗದಲ್ಲಿ ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಬಾಯಿ ಮೂರು ಬೆರಳಿನಷ್ಟೂ ತೆರೆಯದಿರುವುದು ಇವು ಕ್ಯಾನ್ಸರ್ ಅಲ್ಲ, ಆದರೆ ಅದರ ಹೊಸ್ತಿಲು. "ಬಯಾಪ್ಸಿ ಸಾದಾ ಬಂತು" ಎಂದು ರಿಪೋರ್ಟ್ ಜೇಬಿಗಿಟ್ಟು ಅದೇ ಜೇಬಿನಿಂದ ಪುಡಿಕೆ ತೆಗೆದು ಹರಿದವರನ್ನು ನಮ್ಮ ಗೇಟಿನಲ್ಲೇ ನೋಡಿದ್ದೇನೆ. ಒಬ್ಬರು ಮೂರು ವರ್ಷಕ್ಕೆ ಮತ್ತೆ ಬಂದರು. ಆ ಸಲ ರಿಪೋರ್ಟ್ ಬೇರೆ ಇತ್ತು.

ತೆಗೆದ ಮೇಲೆ ಮತ್ತೆ ಬರುತ್ತಾ?

ಪೂರ್ತಿ ತೆಗೆದರೆ ಅದೇ ಗಂಟು ಅಲ್ಲೇ ಬರುವುದು ಕಡಿಮೆ. ಸಿಸ್ಟಿನ ಚೀಲ ಸ್ವಲ್ಪ ಉಳಿದರೂ ಮತ್ತೆ ತುಂಬುತ್ತದೆ. ಹಿಂಡಿ ತೆಗೆದರೆ ಹೋಗದಿರುವುದು ಅದಕ್ಕೇ. ಫೈಬ್ರಾಯ್ಡ್ ಇರುವವರಿಗೆ ಹೊಸದು ಹುಟ್ಟಬಹುದು.

ಪಥ್ಯ ಏನು? ಬದನೆಕಾಯಿ ನಂಜು ಅಂತಾರೆ.

ಏನೂ ಇಲ್ಲ. ಎಣ್ಣೆಗಾಯಿ ಮಾಡಿಕೊಂಡು ಉಣ್ಣಿ.

ಯಾವಾಗ ತಡ ಮಾಡದೆ ಮತ್ತೆ ತೋರಿಸಬೇಕು?

ಸುಮ್ಮನಿದ್ದ ಗಂಟು ವಾರಗಳಲ್ಲೇ ದೊಡ್ಡದಾದರೆ. ಅಲುಗಾಡುತ್ತಿದ್ದದ್ದು ಕಲ್ಲಿನ ಹಾಗೆ ಅಂಟಿಕೊಂಡರೆ. ಮೇಲಿನ ಚರ್ಮ ಒಳಗೆ ಎಳೆದುಕೊಂಡರೆ, ಬಣ್ಣ ಬದಲಾದರೆ, ಹುಣ್ಣಾಗಿ ಮಾಯದಿದ್ದರೆ. ಮೊಲೆತೊಟ್ಟಿನಿಂದ ರಕ್ತ ಬಂದರೆ. ಧ್ವನಿ ಒಡೆದು ಮೂರು ವಾರವಾದರೂ ಸರಿಯಾಗದಿದ್ದರೆ. ಕಾರಣವಿಲ್ಲದೆ ತೂಕ ಇಳಿದರೆ. ನೋವಿಲ್ಲ ಅನ್ನುವುದನ್ನು ಸಮಾಧಾನಕ್ಕೆ ಹಿಡಿಯಬೇಡಿ. ಕ್ಯಾನ್ಸರ್ ಗಂಟು ಶುರುವಿನಲ್ಲಿ ನೋಯದೇ ಇರುವುದೇ ಹೆಚ್ಚು.

ಎಲ್ಲಿ ತೋರಿಸೋದು? ಖರ್ಚು?

ಮೊದಲು ಹತ್ತಿರದ ತಾಲ್ಲೂಕು ದವಾಖಾನೆ ಅಥವಾ ಮೇಲೆ ಹೇಳಿದ ಮೂರು ಸರ್ಕಾರಿ ಮೆಡಿಕಲ್ ಕಾಲೇಜುಗಳು. ಕ್ಯಾನ್ಸರ್ ಅನುಮಾನ ಇದ್ದರೆ ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರ ಇದೆ. ಎಲ್ಲದಕ್ಕೂ ಬೆಂಗಳೂರಿಗೆ ಓಡಬೇಕಾಗಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಖರ್ಚಿನ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ತುರ್ತು ಅಲ್ಲದ ಕೆಲಸಕ್ಕೆ ಖಾಸಗಿ ಕಡೆ ಹೋಗುವ ಮೊದಲು ಸರ್ಕಾರಿ ದವಾಖಾನೆಯ ರೆಫರಲ್ ಚೀಟಿ ಬೇಕು. ಅದಿಲ್ಲದೆ ಅಡ್ಮಿಟ್ ಆಗಿ ಆಮೇಲೆ ಒದ್ದಾಡುವವರೇ ಜಾಸ್ತಿ.

ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿ ಇನ್ನೊಮ್ಮೆ ತೋರಿಸಬೇಕು. ಮತ್ತೆ ಗಡ್ಡೆ ಕೊಯ್ಯಬೇಕಾ?

ಬೇಡ. ಮೇಣದ ಬಿಲ್ಲೆ ಮತ್ತು ಸ್ಲೈಡುಗಳನ್ನು ಲ್ಯಾಬಿನಲ್ಲಿ ಜೋಪಾನ ಇಟ್ಟಿರುತ್ತಾರೆ. ರಿಪೋರ್ಟಿನ ಮೇಲಿನ ನಂಬರ್ ಹೇಳಿ, ಒಂದು ಅರ್ಜಿ ಬರೆದು ಕೇಳಿ, ಕೊಡುತ್ತಾರೆ. ಬಿಲ್ಲೆಯೊಳಗೆ ನಿಮ್ಮ ಗಡ್ಡೆಯ ತುಣುಕು ಹಾಗೇ ಇರುತ್ತದೆ, ಅದರಿಂದಲೇ ಅವರು ಹೊಸ ಪದರ ಕೊಯ್ದು ನೋಡುತ್ತಾರೆ. ರಿಪೋರ್ಟಿನ ಎರಡು ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲೂ ಫೋಟೋ ತೆಗೆದಿಡಿ. ಸ್ಲೈಡುಗಳನ್ನು ಬಟ್ಟೆಯ ನಡುವೆ ಇಡಿ, ಒಡೆದರೆ ಕೆಲಸ ಕೆಟ್ಟಿತು. ಬೇಸಿಗೆಯಲ್ಲಿ ಹೊರಟಿದ್ದರೆ ಬಿಲ್ಲೆಗಳನ್ನು ಕಿಟಕಿಯ ಬಿಸಿಲಿಗೆ, ಬಸ್ಸಿನ ಬಾನೆಟ್ ಮೇಲೆ ಇಡಬೇಡಿ. ಅದು ಮೇಣ. ಹೋದ ವರ್ಷ ಒಬ್ಬರು ಕಾರಿನ ಗಾಜಿನ ಮುಂದೆ ಇಟ್ಟು ಊಟಕ್ಕೆ ಇಳಿದರಂತೆ. ವಾಪಸ್ ಬಂದು ನೋಡಿದರೆ ಮೂರು ಬಿಲ್ಲೆಗಳೂ ಕವರಿಗೆ ಅಂಟಿಕೊಂಡಿದ್ದವು. ಅವನ್ನು ಬಿಡಿಸಿ, ಹೊಸ ಮೇಣ ಹಾಕಿ ಕೂರಿಸಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು.